ಮೈಲೇಜ್ ಇಳಿದಿದ್ದಕ್ಕೆಲ್ಲ ಇ20 ಕಾರಣವಾ? ಎಂಜಿನ್ ಲೀನ್ ಆಗುವುದು ಅಂದರೇನು, ಪತ್ತೆ ಮಾಡುವುದು ಹೇಗೆ

ಈಗ ಯಾರ ಹತ್ತಿರ ಕಾರಿನ ಮೈಲೇಜ್ ಬಗ್ಗೆ ಕೇಳಿದರೂ ಬರುವ ಉತ್ತರ ಒಂದೇ: ಇ20. ಲೀಟರಿಗೆ ಒಂದು ಕಿಲೋಮೀಟರ್ ಕಡಿಮೆಯಾದವರೂ ಅದನ್ನೇ ಹೇಳುತ್ತಾರೆ, ಐದು ಕಡಿಮೆಯಾದವರೂ ಅದನ್ನೇ ಹೇಳುತ್ತಾರೆ. ಇದರ ಮಧ್ಯೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿರುತ್ತದೆ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕಿ "ಪಿ0171, ಸಿಸ್ಟಮ್ ಟೂ ಲೀನ್, ಸೆನ್ಸರ್ ಹೋಗಿದೆ ಸಾರ್" ಅನ್ನುತ್ತಾರೆ. ಕೆಲವು ಸಾವಿರ ಖರ್ಚಾಗುತ್ತದೆ, ಎರಡು ವಾರ ಬಿಟ್ಟು ಅದೇ ಲೈಟ್ ಮತ್ತೆ ಬರುತ್ತದೆ.

ಈ ಕೋಡ್ ಏನು ಹೇಳುತ್ತಿದೆ ಅಂತ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಇಲ್ಲಿ ಹೇಳುತ್ತಿರುವುದೆಲ್ಲ ಪೆಟ್ರೋಲ್ ಕಾರುಗಳ ಬಗ್ಗೆ. ಡೀಸೆಲ್ ಲೆಕ್ಕವೇ ಬೇರೆ.

ಇ20ರಿಂದ ಎಷ್ಟು ಇಳಿಯಬಹುದು

ಇ20 ಅಂದರೆ ನೂರು ಲೀಟರಿನಲ್ಲಿ 80 ಪೆಟ್ರೋಲ್, 20 ಎಥನಾಲ್. 2023ರ ಫೆಬ್ರವರಿ 6ರಂದು ಪ್ರಧಾನಿ ಇದನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಆಗ ಕೆಲವೇ ಬಂಕ್‌ಗಳಲ್ಲಿ ಸಿಗುತ್ತಿತ್ತು, 2025ರ ಹೊತ್ತಿಗೆ ಸಾಮಾನ್ಯ ಪೆಟ್ರೋಲ್ ಅಂದರೇ ಇ20 ಅನ್ನುವ ಹಾಗಾಯಿತು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಎಥನಾಲಿನಲ್ಲಿ ಸುಮಾರು 21 ಮಾತ್ರ. ಬೆರೆಸಿ ಲೆಕ್ಕ ಹಾಕಿದರೆ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 7ರ ಹತ್ತಿರ ಶಕ್ತಿ ಕಡಿಮೆ. ಆದರೆ ನಾವು ಇ20ಕ್ಕೆ ಬಂದದ್ದು ಶುದ್ಧ ಪೆಟ್ರೋಲಿನಿಂದ ಅಲ್ಲ, ಇ10ರಿಂದ. ಇ10ಕ್ಕೆ ಹೋಲಿಸಿದರೆ ವ್ಯತ್ಯಾಸ ಶೇ 3.5ರಷ್ಟು. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಶೇ 6ರಿಂದ 7, ಇ20ಕ್ಕೆ ಹೊಂದಿಸಿದ ಕಾರುಗಳಿಗೆ ಶೇ 1ರಿಂದ 2 ಅಂತ ಅಂದಾಜು ಕೊಟ್ಟಿತ್ತು.

ಇದನ್ನು ಕಿಲೋಮೀಟರಿನಲ್ಲಿ ನೋಡೋಣ. ಮೊದಲು 16 ಕೊಡುತ್ತಿದ್ದ ಕಾರು ಇ20ರಿಂದ ಹದಿನೈದೂವರೆ ಆಸುಪಾಸಿಗೆ ಬರಬಹುದು, ತೀರಾ ಅಂದರೆ 15. ಅದೇ ಕಾರು 12ಕ್ಕೆ ಬಂದಿದ್ದರೆ ಅಲ್ಲಿ ಬೇರೆ ಏನೋ ನಡೆಯುತ್ತಿದೆ.

ಮೊದಲು ಅಳತೆ ಸರಿಯಿರಲಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಒಂದು ಲೆಕ್ಕಾಚಾರ, ಅಳತೆ ಅಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಪೆಟ್ರೋಲ್ ಎಷ್ಟು ಹೋಗಿರಬಹುದು ಅಂತ ಕಾರು ಊಹಿಸುತ್ತದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನ ಒತ್ತಡ ಕಡಿಮೆಯಾಗಿದ್ದರೆ ಆ ಊಹೆಯೇ ತಪ್ಪುತ್ತದೆ.

ಹಾಗಾಗಿ ಹಳೆಯ ವಿಧಾನವೇ ಒಳ್ಳೆಯದು. ನಳಿಕೆ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಟ್ಯಾಂಕ್ ಹೀಗೆ ನೋಡಿದರೆ ನಂಬುವಂಥ ಸಂಖ್ಯೆ ಸಿಗುತ್ತದೆ. ಇನ್ನೊಂದು ವಿಷಯ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಏಸಿ ಹಾಕಿಕೊಂಡು ನಿಂತ ಸಣ್ಣ ಕಾರು ಒಂದಡಿ ಮುಂದೆ ಹೋಗದೆಯೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಆಫೀಸಿನ ದಾರಿ ಬದಲಾಗಿದ್ದರೆ ಆ ವಾರದ ಲೆಕ್ಕವನ್ನು ಹಿಂದಿನದಕ್ಕೆ ಹೋಲಿಸಬೇಡಿ.

ಲೀನ್, ರಿಚ್ ಅಂದರೆ

ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಎಥನಾಲಿನ ಅಣುವಿನಲ್ಲೇ ಸ್ವಲ್ಪ ಆಮ್ಲಜನಕ ಇರುವುದರಿಂದ ಅದಕ್ಕೆ 9 ಗ್ರಾಂ ಗಾಳಿ ಸಾಕು. ಆದ್ದರಿಂದ ಇ20ಕ್ಕೆ ಬೇಕಾಗುವುದು ಹದಿಮೂರೂವರೆ ಗ್ರಾಂ ಆಸುಪಾಸು. ಹಳೆಯ ಪೆಟ್ರೋಲಿನ ಲೆಕ್ಕ ಇಟ್ಟುಕೊಂಡ ಕಾರಿಗೆ ಇ20 ಹಾಕಿದಾಗ, ಅದೇ ಗಾಳಿಗೆ ಅದು ಬಿಡುವ ಇಂಧನ ಸ್ವಲ್ಪ ಕಮ್ಮಿಯಾಗುತ್ತದೆ, ಅಂದರೆ ಒಂಚೂರು ಲೀನ್ ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಅನುಪಾತದ ಬಗ್ಗೆ ಕಾರಿಗೆ ಇಷ್ಟು ಹಟ ಯಾಕೆ? ಮುಖ್ಯ ಕಾರಣ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿರುವ ಮೂರು ಬಗೆಯ ವಿಷವನ್ನೂ ಅದು ಒಟ್ಟಿಗೆ ತೊಳೆಯಬೇಕಾದರೆ ಮಿಶ್ರಣ ಈ ಗೆರೆಯ ಮೇಲೇ ಇರಬೇಕು. 1990ರ ದಶಕದಲ್ಲಿ ಹೋಂಡಾದಂಥ ಕಂಪನಿಗಳು ಬೇಕೆಂದೇ ಲೀನ್ ಆಗಿ ಓಡುವ ಎಂಜಿನ್ ಮಾಡಿ ಒಳ್ಳೆ ಮೈಲೇಜ್ ತೆಗೆದಿದ್ದವು. ಆದರೆ ಲೀನ್ ಓಟದಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಈ ಕನ್ವರ್ಟರ್ ತಡೆಯಲಾರದು, ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಆ ದಾರಿ ಕಷ್ಟವಾಯಿತು.

ಕಾರು ತಾನೇ ಸರಿಮಾಡಿಕೊಳ್ಳುವ ಬಗೆ

ಎಂಜಿನ್ ಕಂಪ್ಯೂಟರನ್ನು ಇಸಿಯು ಅನ್ನುತ್ತಾರೆ. ಒಳಗೆ ಬರುವ ಗಾಳಿ ಎಷ್ಟು ಅಂತ ಒಂದು ಸೆನ್ಸರ್ ಹೇಳುತ್ತದೆ, ಇಸಿಯು ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಸುಟ್ಟ ಮೇಲೆ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅಂತ ಆಕ್ಸಿಜನ್ ಸೆನ್ಸರ್ ನೋಡುತ್ತದೆ. ಉಳಿದಿದ್ದರೆ ಲೀನ್, ಪೆಟ್ರೋಲ್ ಜಾಸ್ತಿ ಮಾಡು. ಉಳಿದಿಲ್ಲವಾದರೆ ರಿಚ್, ಕಡಿಮೆ ಮಾಡು. ಇದು ಕ್ಷಣ ಕ್ಷಣವೂ ನಡೆಯುತ್ತಿರುತ್ತದೆ.

ಮದುವೆ ಮನೆಯ ಅಡುಗೆ ಭಟ್ಟರು ಮಾಡುವುದೂ ಇದನ್ನೇ. ಸಾರಿಗೆ ಅಂದಾಜಿನಲ್ಲಿ ಉಪ್ಪು ಹಾಕುತ್ತಾರೆ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡುತ್ತಾರೆ, ಸಪ್ಪೆ ಅನ್ನಿಸಿದರೆ ಇನ್ನೊಂದು ಚಿಟಿಕೆ. ಈ ಚಿಟಿಕೆಗೆ ಕಾರಿನಲ್ಲಿ ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ ಅಂತ ಹೆಸರು. ಈ ಅಂಗಡಿಯ ಉಪ್ಪಿನಲ್ಲಿ ಸತ್ವವೇ ಇಲ್ಲ ಅಂತ ನಾಲ್ಕು ದಿನಕ್ಕೆ ಗೊತ್ತಾದರೆ ಭಟ್ಟರು ಮೊದಲಿಗೇ ಜಾಸ್ತಿ ಹಾಕಲು ಶುರು ಮಾಡುತ್ತಾರಲ್ಲ, ಆ ಅಭ್ಯಾಸ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಭಟ್ಟರಿಗೆ ಜ್ವರ ಬಂದು ನಾಲಿಗೆ ಕೆಟ್ಟಿದ್ದರೆ ಸರಿಯಾಗಿದ್ದ ಸಾರಿಗೂ ಉಪ್ಪು ಸುರಿಯುತ್ತಾರೆ. ಕಾರಿನಲ್ಲೂ ಇದು ಆಗುತ್ತದೆ.

ಟ್ರಿಮ್ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಎರಡನ್ನೂ ಕೂಡಿಸಿದಾಗ ಸೊನ್ನೆಯ ಆಚೀಚೆ 5 ಇದ್ದರೆ ಚೆನ್ನ, 10ರವರೆಗೆ ಪರವಾಗಿಲ್ಲ. +20, +25ರ ಹತ್ತಿರ ಹೋಗಿ ಅಲ್ಲೇ ನಿಂತರೆ "ಇನ್ನು ನನ್ನ ಕೈಲಾಗಲ್ಲ" ಅಂತ ಇಸಿಯು ಪಿ0171 ಕೋಡ್ ಬರೆದು ಲೈಟ್ ಹಾಕುತ್ತದೆ. ಸಿಲಿಂಡರುಗಳು ಎರಡು ಸಾಲಿನಲ್ಲಿರುವ ವಿ6ನಂಥ ಎಂಜಿನ್ ಇದ್ದರೆ ಎರಡನೇ ಸಾಲಿಗೆ ಪಿ0174 ಅಂತ ಬೇರೆ ಕೋಡ್ ಇದೆ. ನಮ್ಮ ಸಾಮಾನ್ಯ ಮೂರು, ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಒಂದೇ ಸಾಲು.

ಇ20 ಇಲ್ಲಿ ಹೇಗೆ ಬರುತ್ತದೆ ನೋಡಿ. ಇ10ಕ್ಕೆ ಹೊಂದಿಸಿದ ಕಾರಿನಲ್ಲಿ ಅದೊಂದೇ ಟ್ರಿಮ್ ಅನ್ನು 4-5ರಷ್ಟು ಮೇಲೆ ತಳ್ಳುತ್ತದೆ, ಇನ್ನೂ ಹಳೆಯದರಲ್ಲಿ 9ರವರೆಗೆ. ಅಷ್ಟಕ್ಕೇ ಕೋಡ್ ಬರುವುದಿಲ್ಲ. ಆದರೆ ಯಾವುದೋ ಹಳೆ ಸೋರಿಕೆಯಿಂದ ಮೊದಲೇ +16ರಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಕಾರಿಗೆ ಈ 5 ಸೇರಿದರೆ ಗೆರೆ ದಾಟುತ್ತದೆ, ಲೈಟ್ ಬರುತ್ತದೆ. ಇ20 ಹಾಕಿದ ಮೇಲೇ ಬಂತು ಅಂತ ಮಾಲೀಕರು ಹೇಳುವುದು ನಿಜವೇ, ಆದರೆ ರೋಗ ಅದಕ್ಕಿಂತ ಹಳೆಯದು.

ಲೀನ್ ಆದರೆ ಪೆಟ್ರೋಲ್ ಉಳಿಯಬೇಕಲ್ವಾ?

ಎಲ್ಲರಿಗೂ ಬರುವ ಪ್ರಶ್ನೆ ಇದು. ಪೆಟ್ರೋಲ್ ಕಮ್ಮಿ ಹೋಗುತ್ತಿದ್ದರೆ ಮೈಲೇಜ್ ಏರಬೇಕು, ಇಳಿಯುವುದು ಯಾಕೆ?

ನಿಜವಾಗಿ ಲೀನ್ ಆದ ಎಂಜಿನ್ ನಿಧಾನವಾಗಿ ಸುಡುತ್ತದೆ, ಕೆಲವೊಮ್ಮೆ ಸುಡುವುದೇ ಇಲ್ಲ, ಮಿಸ್ ಹೊಡೆಯುತ್ತದೆ. ಪಿಕಪ್ ಇಲ್ಲ ಅಂತ ನಾವು ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೇವೆ, ನಾಲ್ಕನೇ ಗೇರಿನಲ್ಲಿ ಹೋಗಬೇಕಾದ ಕಡೆ ಮೂರರಲ್ಲಿ ಹೋಗುತ್ತೇವೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಕ್ಸಿಜನ್ ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. ಒಂದು ಸ್ಪಾರ್ಕ್ ಪ್ಲಗ್ ಸರಿಯಾಗಿ ಹೊಡೆಯದಿದ್ದರೆ ಆ ಸಿಲಿಂಡರಿನ ಗಾಳಿ ಸುಡದೆ ಹಾಗೇ ಹೊರಬರುತ್ತದೆ. ಸೆನ್ಸರ್ ಅದನ್ನು ಲೀನ್ ಅಂದುಕೊಳ್ಳುತ್ತದೆ, ಇಸಿಯು ಎಲ್ಲ ಸಿಲಿಂಡರಿಗೂ ಪೆಟ್ರೋಲ್ ಜಾಸ್ತಿ ಮಾಡುತ್ತದೆ. ಕಂಪ್ಯೂಟರ್ ಲೀನ್ ಅನ್ನುತ್ತಿದೆ, ಎಂಜಿನ್ ಮಾತ್ರ ರಿಚ್ ಆಗಿ ಓಡುತ್ತಿದೆ. ಮೈಲೇಜ್ ಕೈಕೊಡುವುದು ಹೆಚ್ಚಾಗಿ ಇಂಥ ಸುಳ್ಳು ಲೀನ್‌ನಲ್ಲಿ.

ಅಂದಹಾಗೆ, ಟ್ರಿಮ್ +20 ಅಂದರೆ ಶೇ 20 ಪೆಟ್ರೋಲ್ ದಂಡವಾಗುತ್ತಿದೆ ಅಂತ ಅರ್ಥವಲ್ಲ. ಇಸಿಯು ತನ್ನ ಅಂದಾಜಿಗಿಂತ ಅಷ್ಟು ಜಾಸ್ತಿ ಬಿಡುತ್ತಿದೆ ಅಂತಷ್ಟೇ. ಅಂದಾಜೇ ಕಡಿಮೆ ಇದ್ದರೆ ಹೋಗುತ್ತಿರುವುದು ಸರಿಯಾದ ಪ್ರಮಾಣವೇ.

ಸ್ಕ್ಯಾನರ್ ಹಾಕಿ ಎಲ್ಲಿ ನೋಡಬೇಕು

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ, ಫೋನಿಗೆ ಒಂದು ಆ್ಯಪ್ ಹಾಕಿಕೊಂಡರೆ ಆಯಿತು. ಕೋಡ್ ಬಂದಿದ್ದರೆ ಸುಮ್ನೆ ಅಳಿಸಬೇಡಿ. ಕೋಡ್ ಬಂದ ಕ್ಷಣದ ವೇಗ, ಲೋಡ್, ತಾಪಮಾನ ಎಲ್ಲ ಫ್ರೀಜ್ ಫ್ರೇಮ್ ಅಂತ ಒಳಗೆ ಉಳಿದಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರು ಸ್ಥಿತಿಯಲ್ಲಿ ಎರಡೂ ಟ್ರಿಮ್ ಬರೆದುಕೊಳ್ಳಿ: ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ), ನಿಂತಲ್ಲೇ 2500 ಆರ್‌ಪಿಎಂ, ಆಮೇಲೆ ಏರು ರಸ್ತೆಯಲ್ಲಿ ಎಳೆಯುವಾಗ. ಕೊನೆಯದನ್ನು ಪಕ್ಕದಲ್ಲಿ ಕೂತವರು ನೋಡಲಿ.

ಐಡ್ಲಿಂಗ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು 2500ಕ್ಕೆ ಏರಿಸಿದಾಗ ಇಳಿದರೆ ಗಾಳಿ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಎಳೆಯುವಾಗ ಜಾಸ್ತಿಯಾದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿ ಕಡಿಮೆ ಹೇಳುತ್ತಿದೆ. ಎಲ್ಲ ಕಡೆಯೂ ಸಮನಾಗಿ 5-8 ಇದ್ದರೆ ಅದು ಬರೀ ಇ20, ತಲೆ ಕೆಡಿಸಿಕೊಳ್ಳಬೇಡಿ.

ಗಾಳಿ ಸೋರಿಕೆ ಹುಡುಕುವುದು

ಐಡ್ಲಿಂಗ್‌ನಲ್ಲಿ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಬಹುತೇಕ ಮುಚ್ಚಿರುತ್ತದೆ, ಅದರ ಹಿಂದೆ ಎಂಜಿನ್ ಗಾಳಿಗಾಗಿ ಜೋರಾಗಿ ಎಳೆಯುತ್ತಿರುತ್ತದೆ. ಅಲ್ಲಿ ಸಣ್ಣ ತೂತಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಥ್ರಾಟಲ್ ತೆರೆದಾಗ ಬರುವ ಗಾಳಿಯೇ ತುಂಬ, ಅದರ ಮುಂದೆ ಈ ತೂತಿನದು ಏನೂ ಅಲ್ಲ. 2500ರಲ್ಲಿ ಟ್ರಿಮ್ ಇಳಿಯುವುದು ಇದಕ್ಕೇ.

ಮೈಸೂರಿನ ಪರಿಚಯದವರೊಬ್ಬರ ಕಾರಿನಲ್ಲಿ ಹೀಗೇ ಆಗಿತ್ತು. ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಆಗಿತ್ತು, ಕೋಡ್ ಮತ್ತೆ ಬಂದಿತ್ತು. ಸ್ಕ್ಯಾನರಿನಲ್ಲಿ ಐಡ್ಲಿಂಗ್‌ಗೆ +24, 2500ಕ್ಕೆ +5. ತಪ್ಪು ಇದ್ದದ್ದು ಪಿಸಿವಿ ಪೈಪಿನಲ್ಲಿ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿ ಒಳಹೋಗುವ ದಾರಿಗೆ, ಅಂದರೆ ಇನ್‌ಟೇಕಿಗೆ ಒಯ್ಯುವ ಬೆರಳು ಗಾತ್ರದ ರಬ್ಬರ್ ಪೈಪ್ ಅದು, ಮೊಣಕೈ ಹಾಗೆ ಬಾಗಿರುತ್ತದೆ. ಮೇಲಿನಿಂದ ನೋಡಿದರೆ ಹೊಸದರಂತೆ ಕಪ್ಪಗೆ ಚೆನ್ನಾಗಿತ್ತು. ಬಾಗಿನ ಕೆಳಭಾಗದಲ್ಲಿ ಬೆರಳಾಡಿಸಿದಾಗ ಉಗುರು ಒಳಗೆ ಹೋಯಿತು. ಒತ್ತಿದರೆ ಸೀಳು ಬಾಯಿಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಹೊಸ ಪೈಪ್ ಹಾಕಿದ ಮೇಲೆ ಕೋಡ್ ಬರಲಿಲ್ಲ.

ನೀವೇ ನೋಡಬಹುದಾದ ಜಾಗಗಳಿವೆ. ಏರ್ ಫಿಲ್ಟರಿನಿಂದ ಥ್ರಾಟಲ್‌ಗೆ ಹೋಗುವ ದೊಡ್ಡ ಪೈಪಿನ ಕ್ಲಾಂಪ್ ಬಿಗಿಯಾಗಿದೆಯಾ? ಸರ್ವೀಸ್ ಮಾಡಿಸಿಕೊಂಡು ಬಂದ ಮೇಲೇ ಲೈಟ್ ಹತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಸರಿಯಾಗಿ ಕೂತಿವೆಯಾ? ಬ್ರೇಕ್ ಬೂಸ್ಟರ್ ಪೈಪ್ ಸೋರುತ್ತಿದ್ದರೆ ಪೆಡಲ್ ಗಟ್ಟಿಯಾಗಿರುತ್ತದೆ, ಕೆಲವೊಮ್ಮೆ ಒತ್ತಿದಾಗ ಬುಸ್ ಅನ್ನುವ ಸದ್ದು ಬರುತ್ತದೆ. ಇದು ಸಿಕ್ಕಿದರೆ ಮೈಲೇಜ್ ಆಮೇಲೆ, ಮೊದಲು ಬ್ರೇಕ್ ರಿಪೇರಿ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಫುಲ್ ಟ್ಯಾಂಕ್ ಮಾಡಿಸಿದ ತಕ್ಷಣ ಸ್ಟಾರ್ಟ್ ಆಗಲು ಕಾರು ಸತಾಯಿಸಿದರೆ ಇದನ್ನು ನೆನಪಿಸಿಕೊಳ್ಳಿ. ಇನ್ನು ಇಲಿ. ರಾತ್ರಿ ಬಿಸಿ ಎಂಜಿನ್ ಮೇಲೆ ಬೆಚ್ಚಗೆ ಮಲಗಿ ಪೈಪ್, ವೈರ್ ಕಡಿಯುವ ಇಲಿಗಳ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಓಡುತ್ತಿರುವ ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಏರುತ್ತದಾ ನೋಡುವ ವಿಧಾನ ವಿಡಿಯೋಗಳಲ್ಲಿ ಸಿಗುತ್ತದೆ. ಅದು ಬೆಂಕಿ ಹತ್ತುವ ವಸ್ತು, ಮನೆಯಲ್ಲಿ ಬೇಡ. ಇನ್‌ಟೇಕಿಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆ ಅಂತ ನೋಡುವ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಸಿಕ್ಕರೆ ಒಳ್ಳೆಯದು, ಕಣ್ಣಿಗೆ ಕಾಣದ ತೂತೂ ಅಲ್ಲಿ ಕಾಣುತ್ತದೆ.

ಒಂದು ತಿದ್ದುಪಡಿ ಬೇಕು. ಮೇಲೆ ಹೇಳಿದ್ದು ಗಾಳಿಯ ಹರಿವನ್ನೇ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರುಗಳಿಗೆ ಸರಿಯಾಗಿ ಹೊಂದುತ್ತದೆ. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅದು ಸೋರಿ ಬಂದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಟ್ರಿಮ್ ಅಷ್ಟಾಗಿ ಏರದೆ ಐಡ್ಲಿಂಗ್ ಆರ್‌ಪಿಎಂ ಮೇಲೇರಿ ನಿಲ್ಲಬಹುದು. ಅಂಥ ಕಾರಿನಲ್ಲಿ ಆರ್‌ಪಿಎಂ ಸರಿಯಿದ್ದೂ ಲೀನ್ ಕೋಡ್ ಬಂದರೆ ಗಾಳಿ ಪೈಪಿಗಿಂತ ಪೆಟ್ರೋಲ್ ಮತ್ತು ಎಕ್ಸಾಸ್ಟ್ (ಹೊಗೆ ಹೊರಹೋಗುವ ಪೈಪ್) ಕಡೆ ಮೊದಲು ನೋಡಬೇಕು.

ಪೆಟ್ರೋಲ್ ಸಾಲದಿದ್ದರೆ

ಪಂಪ್ ಸುಸ್ತಾಗಿರುವುದು, ಫಿಲ್ಟರ್ ಕಟ್ಟಿರುವುದು, ಇಂಜೆಕ್ಟರ್ ಬಾಯಿಗೆ ಕೊಳೆ ಕೂತಿರುವುದು, ಈ ಮೂರರಲ್ಲಿ ಒಂದು. ಮೊದಲು ಫ್ಯೂಯಲ್ ಪ್ರೆಷರ್ ಗೇಜ್ ಹಾಕಿಸಿ. ಸಾಮಾನ್ಯವಾಗಿ 3ರಿಂದ 4 ಬಾರ್ ಇರಬೇಕು, ನಿಖರ ಸಂಖ್ಯೆ ಆಯಾ ಕಾರಿನ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಐಡ್ಲಿಂಗ್‌ನಲ್ಲಿ ಒತ್ತಡ ಸರಿಯಿದ್ದು ಎಳೆಯುವಾಗ ಬಿದ್ದರೆ ಪಂಪ್ ಅಥವಾ ಫಿಲ್ಟರ್. ಪಂಪ್ ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ, ಯಾವಾಗಲೂ ರಿಸರ್ವಿನಲ್ಲೇ ಓಡಿಸುವವರ ಪಂಪ್ ಬೇಗ ಸೋಲುತ್ತದೆ.

ಮ್ಯಾಫ್ ಸೆನ್ಸರ್ ಕೊಳೆಯಾಗಿದ್ದರೂ ಲಕ್ಷಣ ಇದೇ. ಅದಕ್ಕೆ ಅಂತಲೇ ಬರುವ ಸ್ಪ್ರೇ ಬಳಸಿ, ಒಳಗಿನ ತಂತಿಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಬೇಡಿ.

ಸೆನ್ಸರ್ ಸುಳ್ಳು ಹೇಳುತ್ತಿದೆಯಾ

ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ಸೀಳಿದ್ದರೆ ಹೊಗೆ ಹೊರಹೋಗುವುದಷ್ಟೇ ಅಲ್ಲ, ಒತ್ತಡದ ಏರಿಳಿತದಲ್ಲಿ ಹೊರಗಿನ ಗಾಳಿ ಒಳಗೂ ಬರುತ್ತದೆ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಂತರೆ ಇದನ್ನು ಅನುಮಾನಿಸಿ. ಲೋಹ ಬಿಸಿಗೆ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ.

ಆಕ್ಸಿಜನ್ ಸೆನ್ಸರನ್ನೇ ಪರೀಕ್ಷಿಸುವುದು ಕಷ್ಟವಲ್ಲ. ಹಳೆಯ ಬಗೆಯದು 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಓಲಾಡುತ್ತಿರಬೇಕು. ಕೆಳಗೇ ಅಂಟಿಕೊಂಡಿದ್ದರೆ, ನಿಂತಲ್ಲೇ ಆಕ್ಸಿಲರೇಟರನ್ನು ಒಮ್ಮೆ ಗಕ್ಕನೆ ಒತ್ತಿ ನೋಡಿ. ಆ ಕ್ಷಣ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ವೋಲ್ಟೇಜ್ 0.8-0.9ಕ್ಕೆ ಜಿಗಿದರೆ ಸೆನ್ಸರ್ ಬದುಕಿದೆ. ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಸಂಖ್ಯೆಗಳು ಹೊಂದುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದೂ ಒಳ್ಳೆಯದು. ಬಿಸ್ಕೆಟ್ ಬಣ್ಣ ಇದ್ದರೆ ಸರಿ, ಸುಟ್ಟ ಸುಣ್ಣದ ಹಾಗೆ ಬೆಳ್ಳಗಿದ್ದರೆ ನಿಜವಾದ ಲೀನ್. ಲೀನ್ ಕೋಡ್ ಇದ್ದೂ ಪ್ಲಗ್ ಮಸಿಯಾಗಿದ್ದರೆ ಸೆನ್ಸರಿನ ಮಾತು ಸುಳ್ಳು.

ಕೋಡೇ ಇಲ್ಲ, ಆದರೂ ಮೈಲೇಜ್ ಇಲ್ಲ

ಟ್ರಿಮ್ ಎಲ್ಲ ಸರಿಯಿದ್ದರೆ ಕೂಲೆಂಟ್ ತಾಪಮಾನ ನೋಡಿ. ಹತ್ತು ಹದಿನೈದು ನಿಮಿಷ ಓಡಿದ ಮೇಲೆ 85-95 ಡಿಗ್ರಿಯಲ್ಲಿ ನಿಲ್ಲಬೇಕು. ಹೈವೇಯಲ್ಲಿ 65-70ಕ್ಕೆ ಇಳಿದರೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ಉಳಿದಿದೆ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಈಗಿನ ಅನೇಕ ಕಾರುಗಳಲ್ಲಿ ತಾಪಮಾನದ ಮುಳ್ಳೇ ಇಲ್ಲದಿರುವುದರಿಂದ ಇದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಬ್ರೇಕ್. ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರದ ಹತ್ತಿರವೂ ಮುಟ್ಟದೆ ಕೈ ಹಿಡಿದು ನೋಡಿ. ಒಂದು ಮಾತ್ರ ಕಾವಲಿಯ ಹಾಗೆ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇದೆ. ಟೈರ್ ಗಾಳಿ ಕಡಿಮೆಯಿದ್ದರೂ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅಷ್ಟೇನೂ ದೊಡ್ಡದಲ್ಲ.

ರಿಪೇರಿ ಆದ ಮೇಲೆ

ಕೋಡ್ ಅಳಿಸಿದಾಗ ಸಾಮಾನ್ಯವಾಗಿ ಕಲಿತ ಟ್ರಿಮ್ ಕೂಡ ಸೊನ್ನೆಗೆ ಹೋಗುತ್ತದೆ. ಆದ್ದರಿಂದ ಗ್ಯಾರೇಜಿನಲ್ಲೇ ಸೊನ್ನೆ ನೋಡಿ ಖುಷಿಪಡಬೇಡಿ. ಪೇಟೆ, ಹೈವೇ ಎರಡರಲ್ಲೂ ಕೆಲವು ದಿನ ಓಡಿಸಿ, ಅವೇ ಮೂರು ಸ್ಥಿತಿಯಲ್ಲಿ ಮತ್ತೆ ಬರೆದುಕೊಳ್ಳಿ. ಹಳೆಯ ಸಂಖ್ಯೆಯ ಪಕ್ಕದಲ್ಲೇ ಇಟ್ಟರೆ ಗೊತ್ತಾಗುತ್ತದೆ. ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ "ಮೈಲೇಜ್ ಬರ್ತಿಲ್ಲ" ಅನ್ನುವ ಬದಲು "ಐಡ್ಲಿಂಗ್‌ಗೆ +20, 2500ಕ್ಕೆ +4" ಅಂತ ಹೇಳಿ ನೋಡಿ, ಒಳ್ಳೆ ಮೆಕ್ಯಾನಿಕ್ ನೇರ ಪೈಪುಗಳ ಕಡೆ ಕೈಹಾಕುತ್ತಾರೆ.

ಚೆಕ್ ಎಂಜಿನ್ ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿನುಗುತ್ತಿದ್ದರೆ ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ ಅಂತ ಅರ್ಥ. ಆಗ ಬದಿಗೆ ನಿಲ್ಲಿಸಿ ಟೋ ಮಾಡಿಸಿ. ಆ ಕನ್ವರ್ಟರಿನ ಬೆಲೆ ಇಲ್ಲಿ ಹೇಳಿದ ಪೈಪು, ಪ್ಲಗ್ಗುಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ.